ಅಣ್ಣ ಹೇಳದ ಉತ್ತರ

“ಬಾಯಿ ಬಿಡದವರಿಗೆ ಕಲಿಸುವುದು ಹೇಗೆ, ಗುರುಗಳೇ?” ಎಂದು ಶಾಂಭವಿ ಕೇಳಿದಳು.

ಶಾಂಭವಿ ಸರ್ಕಾರಿ ಶಾಲೆಯ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುವವಳು. ದೊಡ್ಡವರಿಗೆ ಕಲಿಸುವ ಬಗೆಯನ್ನು ಅವಳಿಗೆ ಹೇಳಿಕೊಟ್ಟವರು ಹಾಲಯ್ಯನವರು. ಅವರು ವಯಸ್ಕರ ಶಿಕ್ಷಣ ಇಲಾಖೆಯಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ನೌಕರಿಯಿಂದ ನಿವೃತ್ತರಾದರೂ ಮಾತಿನಿಂದ ಆಗಿರಲಿಲ್ಲ. ಪ್ರಶ್ನೆ ಹಿಡಿದುಕೊಂಡು ಯಾರಾದರೂ ಬಾಗಿಲಿಗೆ ಬಂದರೆ ಹಾಲಯ್ಯನವರಿಗೆ ಅಂದು ಹೋಳಿಗೆ ಊಟ ಸಿಕ್ಕಂತೆ.

ಶಾಂಭವಿಯ ತರಗತಿಯಲ್ಲಿ ಲಗಮವ್ವ ಎಂಬ ಹೆಂಗಸು ಇದ್ದಳು. ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದಳು. ಕೇಳಿದರೆ ಮಾತ್ರ ಉತ್ತರವಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ತರಗತಿಯಲ್ಲಿ ಇದ್ದದ್ದು ಸ್ವಲ್ಪವೇ ಜಾಗ. ಕಲಿಯದವರನ್ನು ಬಿಡಿಸಿ ಕಾಯುತ್ತಿರುವವರನ್ನು ಸೇರಿಸಿಕೊಳ್ಳಿ ಎಂದು ಮೇಲಿನಿಂದ ಮಾತು ಬಂದಿತ್ತು. ಲಗಮವ್ವನನ್ನು ಬಿಡಿಸುವುದೆಂದು ಶಾಂಭವಿ ತೀರ್ಮಾನಿಸಿಯೂ ಆಗಿತ್ತು. ಆದರೂ ಮನಸ್ಸು ಒಪ್ಪದೆ ಗುರುಗಳ ಹತ್ತಿರ ಬಂದಿದ್ದಳು.

ಹಾಲಯ್ಯನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಬಿಡಿಸುವುದೇನು, ಸೋಮವಾರ ಬಿಡಿಸಬಹುದು. ಅದಕ್ಕೆ ಮೊದಲು ಒಂದು ವಿಷಯ ಊಹಿಸು ನೋಡೋಣ. ಒಂದು ರಾತ್ರಿಶಾಲೆಗೆ ಅಣ್ಣ ತಮ್ಮ ಇಬ್ಬರೂ ಬರುತ್ತಿದ್ದರು. ತಮ್ಮ ದಡ್ಡ, ಅವನು ನಾಳೆಯಿಂದ ಬರುವುದು ಬೇಡ ಎಂದು ಮಾಸ್ತರು ಒಂದು ದಿನ ಎಲ್ಲರ ಎದುರಿಗೆ ಹೇಳಿಬಿಟ್ಟರು. ಆಗ ಅಣ್ಣ ಏನು ಮಾಡಿರಬಹುದು?”

ಶಾಂಭವಿ ಯೋಚಿಸಿದಳು. ಕೈ ಮುಗಿದು ಬೇಡಿಕೊಂಡಿರಬೇಕು ಎಂದಳು. ಅಲ್ಲ ಎಂದರು ಗುರುಗಳು. ಸಿಟ್ಟಾಗಿ ತಮ್ಮನನ್ನು ಕರೆದುಕೊಂಡು ಹೋಗಿರಬೇಕು ಎಂದಳು. ಅದೂ ಅಲ್ಲ ಎಂದರು. ಎರಡು ಉತ್ತರವೂ ತಪ್ಪಾದದ್ದರಿಂದ ಅವರಿಗೆ ಬಹಳ ಖುಷಿಯಾಯಿತು. ಸರಿ, ಹಾಗಾದರೆ ಕೇಳು ಎಂದು ಹೇಳತೊಡಗಿದರು.

ಒಂದು ಊರು. ಊರಿನ ಹೆಸರು ಬೇಡ, ಸುತ್ತಲೂ ಹತ್ತಿ ಬೆಳೆಯುವ ಊರು ಎಂದುಕೋ. ಅಲ್ಲಿ ಗಾದಿ ಮತ್ತು ತಲೆದಿಂಬು ಮಾಡಿ ಬದುಕುವ ಅಣ್ಣ ತಮ್ಮ ಇದ್ದರು. ಅವರನ್ನೂ ಅಣ್ಣ, ತಮ್ಮ ಎಂದೇ ಕರೆಯೋಣ. ಕತೆಗೆ ಅಷ್ಟು ಸಾಕು. ಆಳೆತ್ತರದ ಬಿಲ್ಲಿನ ತಂತಿಯನ್ನು ಮೀಟಿ ಅಣ್ಣ ಅರಳೆ ಹಿಂಜುತ್ತಿದ್ದ. ತಮ್ಮ ಅರಳೆಯನ್ನು ತಂತಿಯ ಬಾಯಿಗೆ ತಳ್ಳುತ್ತಿದ್ದ. ಗಾದಿ ಹೊಲಿಯುವಾಗ ಇಬ್ಬರೂ ಎದುರುಬದುರು ಕೂತುಕೊಳ್ಳುತ್ತಿದ್ದರು. ಮೊದಲ ಹೊಲಿಗೆ ಅಣ್ಣನದು. ಅಣ್ಣನ ಸೂಜಿ ಕೆಳಗಿಳಿದು ಮೇಲೆ ಬರುವ ತನಕ ತಮ್ಮನ ಸೂಜಿ ಕಾಯುತ್ತಿತ್ತು. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಅಪ್ಪನೂ ದೊಡ್ಡಪ್ಪನೂ ಹಾಗೆಯೇ ಹೊಲಿಯುತ್ತಿದ್ದರು, ಇವರು ನೋಡಿದ್ದರು. ಊಟಕ್ಕೆ ಕೂತರೂ ಅಷ್ಟೇ. ಅಣ್ಣ ಮೊದಲ ತುತ್ತು ಎತ್ತಬೇಕು.

ಆ ಊರಿಗೆ ಅರಳೆ ಹಿಂಜುವ ಯಂತ್ರ ಬಂತು. ಒಂದು ದಿನದ ಕೆಲಸವನ್ನು ಅದು ಚಹಾ ಕುಡಿಯುವ ಹೊತ್ತಿನಲ್ಲಿ ಮುಗಿಸುತ್ತಿತ್ತು. ಬಿಲ್ಲು ಗೋಡೆಗೆ ನೇತುಬಿತ್ತು. ಅದೇ ಕಾಲಕ್ಕೆ ಊರಿನ ನೀರು ಸರಬರಾಜಿನ ಕೆಲಸಕ್ಕೆ ಒಬ್ಬ ಆಳು ಬೇಕಾಗಿತ್ತು. ಯಾವ ಓಣಿಗೆ ಯಾವ ಹೊತ್ತಿಗೆ ನೀರು ಎಂಬುದನ್ನು ಓದಿಕೊಂಡು ವಾಲ್ವ್ ತಿರುಗಿಸಬೇಕು, ತಿರುಗಿಸಿದ ಹೊತ್ತನ್ನು ಬರೆದಿಡಬೇಕು. ಓದು ಬರಹ ಬಲ್ಲವನಾಗಿರಬೇಕು, ವಯಸ್ಸು ಮೀರಿರಬಾರದು. ಅಣ್ಣನಿಗೆ ವಯಸ್ಸು ಮೀರಿತ್ತು. ತಮ್ಮನಿಗೆ ಮೀರಿರಲಿಲ್ಲ, ಆದರೆ ಓದು ಇರಲಿಲ್ಲ.

ಸರ್ಕಾರ ಆಗ ಊರೂರಿನ ಶಾಲೆಗಳಲ್ಲಿ ದೊಡ್ಡವರಿಗಾಗಿ ರಾತ್ರಿಶಾಲೆ ತೆರೆದಿತ್ತು. ಶುಲ್ಕವಿಲ್ಲ. ಪಾಟಿ, ಬಳಪ, ದೀಪದ ಎಣ್ಣೆ ಎಲ್ಲವೂ ಸರ್ಕಾರದ್ದು. ಅಲ್ಲಿಗೆ ಹೋಗಿ ಕಲಿ ಎಂದು ಅಣ್ಣ ತಮ್ಮನಿಗೆ ಹೇಳಿದ. ತಮ್ಮ ಒಪ್ಪಲಿಲ್ಲ. ನೀನು ಕಲಿಯದ್ದನ್ನು ನಾನು ಹೇಗೆ ಕಲಿಯಲಿ ಎಂದ. ಅಣ್ಣ ಅದನ್ನು ನಾಚಿಕೆ ಎಂದುಕೊಂಡ. ಹಾಗಾದರೆ ನಾನೂ ಬರುತ್ತೇನೆ, ನಡೆ ಎಂದ. ನೋಡು, ಅವನು ಹೋದದ್ದು ಅಕ್ಷರದ ಆಸೆಗಲ್ಲ. ತಮ್ಮನಿಗೆ ಜೊತೆಯಾಗಲಿ ಎಂದು ಹೋದ. ಗಂಟು ಬಿದ್ದದ್ದೂ ಅಲ್ಲೇ.

ರಾತ್ರಿಶಾಲೆಯ ಬೆಂಚುಗಳು ಮೂರನೆಯ ಇಯತ್ತೆಯ ಹುಡುಗರಿಗೆ ಮಾಡಿಸಿದವು. ಕೂತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಕಾಯಿಪಲ್ಲೆ ಮಾರುವ ಒಬ್ಬ ಮುದುಕಿ ತನ್ನ ಸೊಸೆಯನ್ನೂ ಕರೆದುಕೊಂಡು ಬರುತ್ತಿದ್ದಳು. ಟಾಂಗಾ ಹೊಡೆಯುವವನಿದ್ದ, ಗಿರಣಿಯ ಹಮಾಲರಿದ್ದರು. ಅಣ್ಣ ತಮ್ಮ ಒಳಗೆ ಕಾಲಿಟ್ಟ ದಿನ ಆ ಮುದುಕಿ, “ಇಬ್ಬರೂ ಸಾಲಿಗೆ ಬಂದ್ರ ಊರ ಮಂದಿ ನೆಲದ ಮ್ಯಾಲ ಮಲಗಬೇಕೇನ್ರಪಾ?” ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಅಣ್ಣನೂ ನಕ್ಕ. ಅಣ್ಣ ನಕ್ಕ ಮೇಲೆ ತಮ್ಮನೂ ನಕ್ಕ.

ಮಾಸ್ತರು ಇನ್ನೂ ಎಳೆಯ ವಯಸ್ಸಿನವರು. ಬಿ.ಎ. ಮುಗಿಸಿದ್ದರು. ಹಗಲು ಮಕ್ಕಳಿಗೆ ಕಲಿಸಿ ಸಂಜೆ ದೊಡ್ಡವರಿಗೆ ಕಲಿಸುತ್ತಿದ್ದರು. ಒಳ್ಳೆಯ ಮನುಷ್ಯ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ ತಂಗೀ, ಹುಡುಕಬೇಡ. ಅವರಿಗೆ ಅಣ್ಣನ ಮೇಲೆ ಬೇಗ ಪ್ರೀತಿ ಹುಟ್ಟಿತು. ಅಣ್ಣ ಏನು ಕೇಳಿದರೂ ಉತ್ತರ ಕೊಡುತ್ತಿದ್ದ. ಉತ್ತರ ತಪ್ಪು, ಅದು ಬೇರೆ ಮಾತು. ಮಾಸ್ತರು ಹಲಗೆಯ ಮೇಲೆ ‘ಮರ’ ಎಂದು ಬರೆದರೆ ಅಣ್ಣ ಗಟ್ಟಿಯಾಗಿ ‘ಗಿಡ’ ಎಂದು ಓದುತ್ತಿದ್ದ. ತಪ್ಪು ಎಂದರೆ, ಗಿಡಾನೂ ಮರಾನೂ ಒಂದ ಅಲ್ಲೇನ್ರಿ ಎನ್ನುತ್ತಿದ್ದ. ಅಂಥವನನ್ನು ಯಾವ ಮಾಸ್ತರು ಇಷ್ಟಪಡುವುದಿಲ್ಲ, ಹೇಳು.

ತಮ್ಮನನ್ನು ಕೇಳಿದರೆ ಅವನು ಒಮ್ಮೆ ಅಣ್ಣನ ಕಡೆ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸುತ್ತಿದ್ದ. ಅಷ್ಟೇ.

ಅವನ ಪಾಟಿಯನ್ನಾದರೂ ನೋಡೋಣ ಎಂದು ಮಾಸ್ತರು ನೋಡಿದರು. ಅಣ್ಣ ಅಕ್ಷರದ ತಲೆಕಟ್ಟು ಮರೆತಿದ್ದರೆ ತಮ್ಮನ ಅಕ್ಷರಕ್ಕೂ ತಲೆಕಟ್ಟು ಇರುತ್ತಿರಲಿಲ್ಲ. ಅಣ್ಣ ಎರಡು ಸಾಲಿನ ನಡುವೆ ಒಂದು ಸಾಲು ಬಿಟ್ಟಿದ್ದರೆ ತಮ್ಮನದೂ ಅದೇ ಸಾಲು ಬಿಟ್ಟುಹೋಗಿರುತ್ತಿತ್ತು. ತಪ್ಪಿನಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಇವನು ನೋಡಿ ಬರೆಯುತ್ತಾನೆ ಎಂದು ಮಾಸ್ತರಿಗೆ ಅನುಮಾನ ಬಂತು. ತಮ್ಮನನ್ನು ಎಬ್ಬಿಸಿ ಕೋಣೆಯ ಇನ್ನೊಂದು ಗೋಡೆಯ ಪಕ್ಕ ಕೂರಿಸಿದರು. ಅವತ್ತಿನಿಂದ ತಮ್ಮನ ಪಾಟಿ ಖಾಲಿ. ಒಂದು ಗೆರೆಯೂ ಇಲ್ಲ.

ಮಾಸ್ತರಿಗೆ ಇನ್ನೇನು ಬೇಕು? ಅಣ್ಣ ಪಕ್ಕದಲ್ಲಿದ್ದರೆ ಅಣ್ಣನ ತಪ್ಪು, ಅಣ್ಣ ದೂರ ಹೋದರೆ ಬರೀ ಕಪ್ಪು ಪಾಟಿ. ತಮ್ಮನ ತಲೆಯಲ್ಲಿ ಏನೂ ಇಲ್ಲ ಎಂದು ತೀರ್ಮಾನವಾಯಿತು. ನೀನಾಗಿದ್ದರೂ ಅದನ್ನೇ ತೀರ್ಮಾನಿಸುತ್ತಿದ್ದೆ. ತರ್ಕದಲ್ಲಿ ತಪ್ಪೇನೂ ಇಲ್ಲ. ಕಾಲೇಜಿನಲ್ಲಿ ನಮಗೆ ಕಲಿಸಿದ ತರ್ಕವೂ ಅದೇ.

ಎಣ್ಣೆ ಮತ್ತು ಪಾಟಿ ಜನರ ತೆರಿಗೆಯದು, ಕಲಿಯದವರು ಜಾಗ ಹಿಡಿದು ಕೂರಬಾರದು ಎಂಬ ನಿಯಮ ಆಗಲೂ ಇತ್ತು. ನಿಯಮ ತಪ್ಪಲ್ಲ. ಬಾಗಿಲ ಹೊರಗೆ ಕಾಯುವವರಿದ್ದರು. ಆ ತಾಲ್ಲೂಕಿನ ರಾತ್ರಿಶಾಲೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ. ಒಂದು ಸಂಜೆ ಅಲ್ಲಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ನನ್ನ ಮೊಣಕಾಲೂ ಗದ್ದಕ್ಕೆ ಬಡಿಯಿತು. ಮುಂದಿನದನ್ನು ನಾನು ಕಂಡಂತೆ ಹೇಳುತ್ತೇನೆ.

ಪಾಠ ಮುಗಿಯುತ್ತ ಬಂದಿತ್ತು. ಮಾಸ್ತರು ಅಣ್ಣನನ್ನು ಕರೆದರು. ಮೆತ್ತಗೆ ಹೇಳಿದರು. ನೀವು ಬನ್ನಿ, ನಿಮಗೆ ಕಲಿಯುವ ಮನಸ್ಸಿದೆ. ನಿಮ್ಮ ತಮ್ಮನಿಗೆ ಇದು ಆಗುವುದಿಲ್ಲ, ನಾಳೆಯಿಂದ ಅವನು ಬರುವುದು ಬೇಡ. ನೀರಿನ ಕೆಲಸದ ಆಸೆ ಬಿಡಿ. ಇಷ್ಟನ್ನೇ ಹೇಳಿದರು. ತಮ್ಮ ಗೋಡೆಯ ಪಕ್ಕದಲ್ಲಿ ನೆಲ ನೋಡುತ್ತ ಕೂತಿದ್ದ.

ಅಣ್ಣ ಎದ್ದು ನಿಂತ. ಅವನು ಬೇಡಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

“ಬಿಲ್ಲಿನ ದಿನ ಮುಗದಾವ್ರಿ. ನನ್ನ ವಯಸ್ಸೂ ಮುಗದೈತಿ. ಇವಂಗೊಂದು ದಾರಿ ಆಗಲಿಲ್ಲಂದ್ರ ನಮ್ಮ ಮನೀಗೇ ದಾರಿ ಇಲ್ಲ.”

ಮಾಸ್ತರಿಗೆ ಅದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದುದರಿಂದಲೇ ಅವರಿಗೆ ರೇಗಿತು. ನಮ್ಮ ಕೈಯಲ್ಲಿ ಏನೂ ಆಗದಾಗ ನಮಗೆ ರೇಗುತ್ತದೆ, ಅಲ್ಲವೇ? ನಾನೂ ದಿನಾ ಕೇಳುತ್ತಿದ್ದೇನೆ, ಅವನು ಬಾಯಿಯೇ ಬಿಡುವುದಿಲ್ಲ ಎಂದರು. ಆಮೇಲೆ ಕೊಂಕಾಗಿ, “ನಿಮ್ಮ ತಮ್ಮನೇ ತಾನೇ? ನೀವೇ ಕೇಳಿ ನೋಡಿ” ಎಂದರು.

ಅದು ಕೊಂಕಿನ ಮಾತು. ಆದರೆ ಅಣ್ಣನಿಗೆ ಕೊಂಕು ತಿಳಿಯಲಿಲ್ಲ. ಅವನು ಅದನ್ನು ಅಪ್ಪಣೆ ಎಂದುಕೊಂಡ. ಹಲಗೆಯ ಕಡೆ ಕೈ ತೋರಿಸಿದ. ಅಲ್ಲಿ ಏನು ಬರೆದಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ತಮ್ಮನ ಕಡೆ ತಿರುಗಿದ.

“ಏನೋ ಅದು? ಓದು.”

ತಮ್ಮ ಎದ್ದು ನಿಂತ. ಓದಿದ.

ಮೇಲಿನ ಸಾಲು ಓದಿದ, ಕೆಳಗಿನ ಸಾಲು ಓದಿದ. ಎಲ್ಲೂ ತಡವರಿಸಲಿಲ್ಲ. ಹಲಗೆ ಮುಗಿಯಿತು. ಅಣ್ಣ ಸಾಕು ಎಂದಿರಲಿಲ್ಲ. ತಮ್ಮ ಹಲಗೆಯಿಂದ ಗೋಡೆಗೆ ಹೋದ. ಗೋಡೆಯ ಮೇಲಿದ್ದ ‘ಇಲ್ಲಿ ಉಗುಳಬಾರದು’ ಎಂಬುದನ್ನು ಓದಿದ. ನಕಾಶೆಯಲ್ಲಿದ್ದ ಜಿಲ್ಲೆಗಳ ಹೆಸರು ಓದಿದ. ಎಣ್ಣೆಯ ಡಬ್ಬಿಯ ಮೇಲಿದ್ದ ‘ಸರ್ಕಾರದ ಸ್ವತ್ತು’ ಓದಿದ. ನನ್ನ ಚೀಲದ ಮೇಲೆ ಬಟ್ಟೆ ಅಂಗಡಿಯ ಹೆಸರಿತ್ತು, ಅದನ್ನೂ ಓದಿದ. ಇನ್ನು ಓದುವುದಕ್ಕೆ ಕೋಣೆಯಲ್ಲಿ ಏನೂ ಉಳಿಯಲಿಲ್ಲ. ಆಗ ಅಣ್ಣ ನೆನಪು ಮಾಡಿಕೊಂಡು ಸಾಕು ಎಂದ. ತಮ್ಮ ಕೂತ.

ಇಷ್ಟು ಬರುತ್ತಿದ್ದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಾಸ್ತರು ಕೇಳಿದರು. ತಮ್ಮ ಅಣ್ಣನ ಕಡೆ ನೋಡಿದ. ಕೇಳುತ್ತಿದ್ದಾರಲ್ಲ, ಹೇಳು ಎಂದು ಅಣ್ಣ ಅಂದ.

“ಅಣ್ಣ ಇನ್ನಾ ಹೇಳಿದ್ದಿಲ್ರಿ” ಎಂದ ತಮ್ಮ.

ಈ ಮಾತನ್ನು ಅವನು ನೆಪದ ಹಾಗೆ ಹೇಳಲಿಲ್ಲ ತಂಗೀ. ಇದೂ ಗೊತ್ತಿಲ್ಲವೇ ಎನ್ನುವ ಹಾಗೆ ಹೇಳಿದ. ಪಾಟಿಯ ಮೇಲಿನ ತಪ್ಪುಗಳ ಕತೆಯೂ ಹೊರಗೆ ಬಂತು. ಸರಿಯಾದ ಅಕ್ಷರ ಅವನಿಗೆ ಬರುತ್ತಿತ್ತು. ಅಣ್ಣನದು ತಪ್ಪಾಗಿರುವಾಗ ತನ್ನದು ಸರಿಯಾಗಿದ್ದರೆ ಅಣ್ಣನಿಗಿಂತ ಮುಂದೆ ಹೋದಂತೆ. ಅದಕ್ಕೆ ಅಣ್ಣನ ಅಕ್ಷರ ಹೋದಂತೆ ತನ್ನ ಅಕ್ಷರವನ್ನೂ ಒಯ್ಯುತ್ತಿದ್ದ. ದೂರ ಕೂರಿಸಿದ ಮೇಲೆ ಅಣ್ಣ ಎಲ್ಲಿಯ ತನಕ ಬರೆದಿದ್ದಾನೆ ಎಂಬುದು ಕಾಣುತ್ತಿರಲಿಲ್ಲ. ಕಾಣದಿದ್ದರೆ ಶುರು ಮಾಡುವುದು ಹೇಗೆ? ಪಾಟಿ ಖಾಲಿ ಉಳಿಯಿತು.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡೆಯಾ? ಮುಗಿಯಲಿಲ್ಲ. ಅಣ್ಣನ ಮುಖ ಸಪ್ಪಗಾಯಿತು. ಅವನಿಗೆ ಒಂದು ವಿಷಯ ಆಗ ತಿಳಿಯಿತು. ತಮ್ಮನಿಗೆ ಜೊತೆಯಾಗಲಿ ಎಂದು ಬಂದು ತಾನೇ ಬಾಗಿಲಿಗೆ ಅಡ್ಡ ನಿಂತಿದ್ದೇನೆ ಎಂದು. ತನ್ನ ಪಾಟಿಯನ್ನು ಒಯ್ದು ಮೇಜಿನ ಮೇಲಿಟ್ಟ. ನಾಳೆಯಿಂದ ನಾನು ಬರುವುದಿಲ್ಲ, ಇವನಿಗೆ ಕಲಿಸಿ ಎಂದ. ತಮ್ಮ ಎದ್ದು ಬಂದ. ಅಣ್ಣನ ಪಾಟಿಯ ಮೇಲೆ ತನ್ನ ಪಾಟಿಯನ್ನು ಇಟ್ಟ. ಒಬ್ಬನನ್ನು ಬಿಡಿಸಲು ಹೋದ ಮಾಸ್ತರು ಈಗ ಇಬ್ಬರನ್ನೂ ಕಳೆದುಕೊಳ್ಳುವ ಹಾಗಾಯಿತು. ನೀರಿನ ಕೆಲಸವೂ ಅದರ ಜೊತೆಗೇ ಹೋಗುವುದರಲ್ಲಿತ್ತು.

ಮಾಸ್ತರು ಎರಡು ಪಾಟಿಗಳನ್ನೂ ನೋಡಿದರು. ಅವರ ಕೈಯಲ್ಲಿ ಹಲಗೆ ತೋರಿಸುವ ಕೋಲು ಇತ್ತು. ತಮ್ಮನ ಪಾಟಿಯನ್ನು ತಮ್ಮನಿಗೆ ವಾಪಸು ಕೊಟ್ಟರು. ಅಣ್ಣನ ಕೈಗೆ ಪಾಟಿ ಕೊಡಲಿಲ್ಲ, ಕೋಲು ಕೊಟ್ಟರು. ಇನ್ನು ಮೇಲೆ ಉತ್ತರ ಹೇಳುವುದು ನಿಮ್ಮ ಕೆಲಸವಲ್ಲ, ಕೇಳುವುದು ನಿಮ್ಮ ಕೆಲಸ ಎಂದರು.

ಎಷ್ಟು ಸರಳ ನೋಡು. ಅಣ್ಣ ಸರಿ ಉತ್ತರ ಹೇಳುವ ತನಕ ತಮ್ಮ ಹೇಳುವ ಹಾಗಿಲ್ಲ. ಆದರೆ ಅಣ್ಣನೇ ಕೇಳಿದರೆ ತಮ್ಮ ಹೇಳದೆ ಇರುವ ಹಾಗಿಲ್ಲ. ಅವರ ಮನೆಯ ರೀತಿಯಲ್ಲಿ ಎರಡಕ್ಕೂ ಜಾಗ ಇತ್ತು. ಮಾಸ್ತರು ಅದನ್ನು ಮುರಿಯಲಿಲ್ಲ, ತಿದ್ದಲೂ ಇಲ್ಲ. ಬಾಗಿಲು ಎಲ್ಲಿದೆ ಎಂದು ಕಂಡರು, ಆ ಕಡೆಯಿಂದ ಒಳಗೆ ಹೋದರು. ಮರುದಿನದಿಂದ ಮಾಸ್ತರು ಪ್ರಶ್ನೆಯನ್ನು ಅಣ್ಣನಿಗೆ ಹೇಳುತ್ತಿದ್ದರು. ಅಣ್ಣ ಕೋಲು ತೋರಿಸಿ ತಮ್ಮನನ್ನು ಕೇಳುತ್ತಿದ್ದ. ಕಾಯಿಪಲ್ಲೆಯ ಮುದುಕಿ ಎರಡು ದಿನ ಇದನ್ನು ನೋಡಿದಳು. ಮೂರನೆಯ ದಿನ, ನನಗೂ ಒಂದು ಕೋಲು ಕೊಡಿ, ನನ್ನ ಸೊಸೆಯನ್ನು ಕೇಳುವುದಿದೆ ಎಂದಳು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೋಲು ಬಂತು, ಸೊಸೆಯ ಬಾಯಿಂದ ಅಕ್ಷರವೂ ಬಂತು.

ನೀರಿನ ಕೆಲಸದ ಪರೀಕ್ಷೆಯ ದಿನ ಬಂತು. ಅಧಿಕಾರಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಅಣ್ಣನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿದ್ದ. ಬಾಗಿಲ ಹತ್ತಿರ ನಿಂತು ಒಳಗೆ ತಲೆ ಹಾಕಿ ನೋಡುತ್ತಿದ್ದ. ಅಧಿಕಾರಿ ತಮ್ಮನ ಕೈಗೆ ಒಂದು ಕಾಗದ ಕೊಟ್ಟು ಓದು ಎಂದರು. ತಮ್ಮ ಕಾಗದ ನೋಡಿದ. ಬಾಗಿಲ ಕಡೆ ನೋಡಿದ. ತಲೆ ತಗ್ಗಿಸಿದ. ಅಣ್ಣ ಎದುರಿಗೇ ಇದ್ದಾನಲ್ಲ. ಅಧಿಕಾರಿ ಕಾದರು. ಸಾಕು, ಹೋಗು ಎಂದು ಕಾಗದಕ್ಕೆ ಕೈ ಚಾಚಿದರು.

ಬಾಗಿಲಿಂದ ಅಣ್ಣ, “ಓದೋ” ಎಂದ.

ತಮ್ಮ ಓದಿದ. ಬರೆ ಎಂದಾಗಲೂ ಬಾಗಿಲಿಂದ ಅಪ್ಪಣೆ ಬಂತು. ಬರೆದ. ಅಧಿಕಾರಿಗೆ ಇದು ವಿಚಿತ್ರವಾಗಿ ಕಂಡಿತು. ಇವರು ಯಾರು ಎಂದು ಕೇಳಿದರು. ಅಣ್ಣ ಒಳಗೆ ಬಂದು ಟೋಪಿ ಸರಿ ಮಾಡಿಕೊಂಡು, ನಾನು ಇವನ ಮಾಸ್ತರ ಎಂದ. ಅಧಿಕಾರಿ ಅವನ ಕೈಗೂ ಕಾಗದ ಕೊಟ್ಟು ಒಂದು ಸಾಲು ಓದಿ ಎಂದರು. ಅಣ್ಣ ಕಾಗದವನ್ನು ಹಾಗೆಯೇ ವಾಪಸು ಕೊಟ್ಟ.

“ನಂದು ಕೇಳೂ ಕೆಲಸ ಅಷ್ಟರೀ” ಎಂದ.

ತಮ್ಮನಿಗೆ ಕೆಲಸ ಸಿಕ್ಕಿತು. ಅಣ್ಣ ಅಕ್ಷರದಲ್ಲಿ ಬಹಳ ದೂರ ಹೋಗಲಿಲ್ಲ. ಸಹಿ ಮಾಡುವಷ್ಟು, ಬಸ್ಸಿನ ಬೋರ್ಡು ಗುರುತಿಸುವಷ್ಟು ಕಲಿತ. ನನಗಿಷ್ಟು ಸಾಕು ಎಂದ. ಆದರೆ ರಾತ್ರಿಶಾಲೆಗೆ ಹೋಗುವುದನ್ನು ಬಿಡಲಿಲ್ಲ. ತಮ್ಮ ಬಿಟ್ಟ ಮೇಲೂ ಹೋದ. ಬಾಯಿ ಬಿಡದೆ ಕೂತವರು ಯಾರಾದರೂ ಇದ್ದರೆ ಮಾಸ್ತರು ಅವರನ್ನು ಅಣ್ಣನಿಗೆ ಒಪ್ಪಿಸುತ್ತಿದ್ದರು.

ಹಾಲಯ್ಯನವರು ಕತೆ ನಿಲ್ಲಿಸಿ ನೀರು ಕುಡಿದರು. ಶಾಂಭವಿ ಅಲ್ಲೇ ಕೂತಿದ್ದಳು. ಲಗಮವ್ವ ಯಾರ ಹಿಂದೆ ಕೂರುತ್ತಾಳೆ, ಕೇಳಿದಾಗ ನೆಲ ನೋಡುವ ಮುಂಚೆ ಯಾರ ಕಡೆ ನೋಡುತ್ತಾಳೆ ಎಂಬುದನ್ನು ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಆಗಲಿಲ್ಲ. ಅದನ್ನು ಅವಳು ನೋಡಿಯೇ ಇರಲಿಲ್ಲ. ಆದರೂ ಒಂದು ವಿಷಯ ಅವಳಿಗೆ ಬಗೆಹರಿಯಲಿಲ್ಲ. ಆ ತಮ್ಮ ಮಾಸ್ತರ ಕಣ್ಣ ಮುಂದೆಯೇ ಕೂತು ಅಷ್ಟೆಲ್ಲ ಕಲಿತ, ಮಾಸ್ತರಿಗೆ ಗೊತ್ತೇ ಆಗಲಿಲ್ಲ, ಹಾಗಾದರೆ ಅವನು ಕಲಿತದ್ದು ಯಾವತ್ತು ಎಂದು ಕೇಳಿದಳು.

“ಅವನು ಕಲಿತ ದಿನ ಯಾರಿಗೂ ಗೊತ್ತಿಲ್ಲ, ತಂಗೀ. ಮಾಸ್ತರು ಕಲಿತ ದಿನ ಮಾತ್ರ ಗೊತ್ತು: ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ, ಜನವರಿ ಹದಿನೇಳು, ಗುರುವಾರ.”